ಅಕ್ಕನ ಕೆನ್ನೆಯ ಕೊಲಾಜನ್

ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಮೆಟ್ಟಿಲು ಹತ್ತುವಾಗ ಯೂರಿಯಾ ವಾಸನೆ, ಬಾಗಿಲು ತೆಗೆದರೆ ಗುಲಾಬಿ ವಾಸನೆ. ಹುಬ್ಬು ತೀಡುವುದು, ವ್ಯಾಕ್ಸ್, ಫೇಶಿಯಲ್, ಮದುವೆ ಸೀಸನ್ನಿನಲ್ಲಿ ಮೇಕಪ್, ಇಷ್ಟರಲ್ಲೇ ನನ್ನ ಹೊಟ್ಟೆಪಾಡು ನಡೆದುಕೊಂಡು ಬಂದಿದೆ. ಈಗ ಕೆಲವು ವರ್ಷದಿಂದ ಬಂದವರೆಲ್ಲ ಕೇಳುವುದು ಒಂದೇ ಮಾತು, ಕೊಲಾಜನ್ ಇದೆಯಾ ಅಂತ. ಕಾಲೇಜು ಹುಡುಗಿಯರೂ ಕೇಳುತ್ತಾರೆ, ಮೊಮ್ಮಕ್ಕಳನ್ನು ಕಂಡವರೂ ಕೇಳುತ್ತಾರೆ. ಮೊಬೈಲಿನಲ್ಲಿ ಯಾರೋ ಹೇಳಿರುತ್ತಾರೆ, ಇವರು ಮೆಟ್ಟಿಲು ಹತ್ತಿ ಬಂದಿರುತ್ತಾರೆ.

ನನಗೆ ಆ ಪದ ಕಲಿಸಿದವನು ಕ್ರೀಂ ಕಂಪನಿಯ ಒಬ್ಬ ಮನುಷ್ಯ. ಶಿವಮೊಗ್ಗದ ಹೋಟೆಲಿನ ಹಾಲ್‌ನಲ್ಲಿ ಪಾರ್ಲರಿನವರನ್ನೆಲ್ಲ ಕೂರಿಸಿ, ಗೋಡೆಯ ಮೇಲೆ ಚಿತ್ರ ಬಿಟ್ಟು ಪಾಠ ಮಾಡಿದ. ನಮ್ಮ ಚರ್ಮದ ಕೆಳಗೆ ಹಗ್ಗ ಹೆಣೆದ ಬಲೆ ಇದೆ, ಆ ಹಗ್ಗವೇ ಕೊಲಾಜನ್, ದೇಹ ತಾನೇ ಅದನ್ನು ಮಾಡಿಕೊಳ್ಳುತ್ತದೆ ಅಂದ. ಬರೀ ಮುಖದಲ್ಲಲ್ಲ, ಎಲುಬಿನಲ್ಲಿ, ಕೀಲಿನಲ್ಲಿ, ಹಲ್ಲಿನ ವಸಡಿನಲ್ಲಿ ಎಲ್ಲ ಕಡೆ ಮೈಯನ್ನು ಹಿಡಿದು ನಿಲ್ಲಿಸಿರುವುದು ಅದೇ. ವಯಸ್ಸಾದ ಹಾಗೆ ಮಾಡಿಕೊಳ್ಳುವುದು ಕಡಿಮೆಯಾಗುತ್ತದೆ, ಬಿಸಿಲು ಬಿದ್ದರೆ ಇನ್ನೂ ಬೇಗ ಹಾಳಾಗುತ್ತದೆ, ಹಗ್ಗ ಸಡಿಲವಾದಲ್ಲಿ ಸುಕ್ಕು. ಅಷ್ಟೂ ಸರಿ. ಆಮೇಲೆ ಡಬ್ಬಿ ತೋರಿಸಿ, ಇದನ್ನು ಹಚ್ಚಿದರೆ ಹೋದ ಹಗ್ಗ ವಾಪಸ್ ಬರುತ್ತದೆ ಅಂದ. ಹಚ್ಚಿದ್ದು ಒಳಗೆ ಹೋಗುತ್ತಾ ಸಾರ್ ಅಂತ ನಾನು ಕೇಳಿದೆ. ಅವನು ನಕ್ಕು, ಮೇಡಂ ನೀವು ಮಾರಾಟ ನೋಡ್ಕೊಳ್ಳಿ ಅಂದ.

ಒಳಗೆ ಹೋಗುವುದಿಲ್ಲ. ಇದನ್ನು ನನಗೆ ಹೇಳಿದ್ದು ತಲೆಗೆ ಬಣ್ಣ ಹಾಕಿಸಿಕೊಳ್ಳಲು ಬರುತ್ತಿದ್ದ ಒಬ್ಬ ಚರ್ಮದ ಡಾಕ್ಟರಮ್ಮ. ಕ್ರೀಮಿನಲ್ಲಿರುವ ಕೊಲಾಜನ್ ದಪ್ಪ ಕಣ, ಚರ್ಮದ ಮೇಲೆ ಕೂತು ಒಂದಿಷ್ಟು ತೇವ ಹಿಡಿದಿಡುತ್ತದೆ, ಅಷ್ಟೇ ಅಂದರು. ಹಾಲಿಗೆ ಹಾಕಿ ಕುಡಿಯುವ ಪುಡಿಯನ್ನೂ ಹೊಟ್ಟೆ ಬೇಳೆ ಮೊಟ್ಟೆಯ ಹಾಗೇ ಅರಗಿಸುತ್ತದಂತೆ. ಅದು ಕೆನ್ನೆಗೇ ಹೋಗಬೇಕು ಅಂತ ಹೊಟ್ಟೆಗೆ ಯಾರು ಹೇಳಬೇಕು? ನಾನು ಇದನ್ನು ಗಿರಾಕಿಗಳಿಗೆ ಹೇಳಿ ನೋಡಿದ್ದೇನೆ. ಅವರು ನನ್ನನ್ನು ನಂಬುವುದಿಲ್ಲ, ಡಬ್ಬಿಯನ್ನು ನಂಬುತ್ತಾರೆ. ನಾನು ಕೊಡದಿದ್ದರೆ ಪಕ್ಕದ ಬೀದಿಯವಳು ಕೊಡುತ್ತಾಳೆ. ಹುಂಚದಿಂದ ಬರುವ ಜೈನರ ಮನೆಯ ಹೆಂಗಸೊಬ್ಬರು ಮಾತ್ರ ಕನ್ನಡಕ ಹಾಕಿಕೊಂಡು ಪುಡಿಯ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿದರು. "ಇದು ಮೀನಿಂದಲ್ವಾ?" ಅಂದವರೇ ಡಬ್ಬಿಯನ್ನು ಬೆರಳ ತುದಿಯಲ್ಲಿ ಮೇಜಿನ ಮೇಲಿಟ್ಟು, ಕೈ ತೊಳೆಯಲು ಸೋಪು ಕೇಳಿದರು. ಊರಿಗೆಲ್ಲ ಅವರೊಬ್ಬರೇ ಓದಿ ನೋಡಿದವರು.

ಇಷ್ಟು ಹೇಳಿದ್ದು ಯಾಕೆಂದರೆ, ಅದೇ ಪದವನ್ನು ಇನ್ನೊಂದು ಸಲ ನಾನು ಸಾಗರದಲ್ಲಿ ಕೇಳಿದೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನನ್ನ ಅಕ್ಕ ಮಲಗಿದ್ದಳು.

ಅಕ್ಕ ನನಗಿಂತ ದೊಡ್ಡವಳು. ಸಾಗರದ ಕಡೆ ಕೊಟ್ಟಿದ್ದು. ನಮ್ಮ ತವರು ಹೊಸನಗರ ತಾಲ್ಲೂಕು. ಅಜ್ಜನ ಕಾಲದಲ್ಲಿ ನಾವು ಗೇಣಿಯವರು. ಒಳ್ಳೆ ಅಡಿಕೆಯೆಲ್ಲ ಒಡೆಯರ ಮನೆಗೆ ಹೋಗುತ್ತಿತ್ತು, ನಮಗೆ ಉಳಿಯುತ್ತಿದ್ದದ್ದು ಗೊರಬಲು, ಅಂದರೆ ನೆಲಕ್ಕೆ ಉದುರಿ ಕೆಟ್ಟ ಕಾಯಿ. ಜಮೀನು ನಮ್ಮ ಹೆಸರಿಗಾದ ವರ್ಷ ಅಜ್ಜಿ ಮೊದಲ ಕೊಯ್ಲಿನ ಅಡಿಕೆ ಬೇಯಿಸಿ, ಒಂದು ಒಳ್ಳೆ ಹೋಳು ಬಾಯಿಗಿಟ್ಟುಕೊಂಡು ಅತ್ತಳಂತೆ. ಅವತ್ತಿನಿಂದ ನಮ್ಮ ಮನೆಯ ಹೆಣ್ಣುಮಕ್ಕಳು ಸುಲಿಯಲು ಕೂತಾಗ ಒಂದು ಹೋಳು ದವಡೆಗೆ ಇಟ್ಟುಕೊಳ್ಳುವುದು ಪದ್ಧತಿ. ಎಲೆ ಇಲ್ಲ, ಸುಣ್ಣ ಇಲ್ಲ, ಹೊಗೆಸೊಪ್ಪಂತೂ ಇಲ್ಲವೇ ಇಲ್ಲ. ಬರೀ ಅಡಿಕೆ. ಮೆಟ್ಟುಕತ್ತಿಯ ಮುಂದೆ ಕೂತು ಕೈ ಸುಲಿಯುತ್ತಾ ಇರುತ್ತದೆ, ಬಾಯಿ ಚೀಪುತ್ತಾ ಇರುತ್ತದೆ. ನನಗೂ ಆ ಅಭ್ಯಾಸ ಇತ್ತು. ಪಾರ್ಲರ್ ಕೆಲಸ ಕಲಿಯಲು ಹೋದಾಗ ಕಲಿಸುವವಳು, ಗಿರಾಕಿಯ ಮುಖದ ಮೇಲೆ ಬಗ್ಗುವವಳ ಬಾಯಿ ಹೀಗೆ ಕೆಂಪಗಿರಬಾರದು ಅಂತ ಬೈದಳು, ಬಿಟ್ಟೆ. ಬುದ್ಧಿವಂತಿಕೆ ಎಂಥದೂ ಇಲ್ಲ, ಬೈಗುಳಕ್ಕೆ ಹೆದರಿ ಉಳಿದುಕೊಂಡವಳು ನಾನು.

ಅಕ್ಕ ಬಿಡಲಿಲ್ಲ. ಬಿಡು ಅಂತ ಅವಳಿಗೆ ಹೇಳಿದವರಾದರೂ ಯಾರು? ಗುಟ್ಕಾ ತಿಂದು ಬಾಯಿ ಕೆಡಿಸಿಕೊಂಡವರ ಫೋಟೋ ಪ್ಯಾಕೆಟಿನ ಮೇಲೇ ಇರುತ್ತದೆ, ಅದನ್ನು ಎಲ್ಲರೂ ನೋಡಿದ್ದೇವೆ. ಅದು ಗುಟ್ಕಾ, ಇದು ನಮ್ಮ ಅಡಿಕೆ. ನಾವೇ ಬೆಳೆದದ್ದು, ದೇವರ ಮುಂದೆ ಇಡುವಂಥದ್ದು. ನಮ್ಮ ಮೂರು ತಾಲ್ಲೂಕಿನಲ್ಲಿ ಇದರ ಮೇಲೆ ಯಾರಾದರೂ ಒಂದು ಮಾತು ಆಡಿ ನೋಡಲಿ, ಜನ ಮೈಮೇಲೆ ಬರುತ್ತಾರೆ.

ಮೊದಲು ಅವಳಿಗೆ ಖಾರ ಆಗಲಿಲ್ಲ. ಸಾರು ಉರಿ, ಮೀನು ಪಲ್ಯ ಉರಿ, ಚಟ್ನಿ ಮುಟ್ಟುವ ಹಾಗಿಲ್ಲ. ಈ ಸಲದ ಮೆಣಸಿನಕಾಯಿ ಜೋರಿದೆ ಅಂದುಕೊಂಡರು. ಆಮೇಲೆ ಖಾರ ಬಿಟ್ಟಳು, ಮಾಂಸ ಬಿಟ್ಟಳು, ಮಜ್ಜಿಗೆ ಅನ್ನ ಹಿಸುಕಿ ಉಣ್ಣತೊಡಗಿದಳು. ಆಗ ನಮ್ಮ ಜನ ಏನಂದರು ಗೊತ್ತಾ? ಇವಳ ಮನಸ್ಸು ದೇವರ ಕಡೆ ಹೋಗಿದೆ, ಸಾತ್ವಿಕಳಾಗಿದ್ದಾಳೆ ಅಂದರು. ಅವಳ ಅತ್ತೆ, ನನ್ನ ಸೊಸೆ ವ್ರತ ಹಿಡಿದಿದ್ದಾಳೆ ಅಂತ ಕೇರಿಗೆಲ್ಲ ಹೇಳಿಕೊಂಡು ಬಂದಳು. ಊರಿನಲ್ಲಿ ಪೂಜೆಯಾದರೆ ಅರಿಶಿನ ಕುಂಕುಮ ಮೊದಲು ಅಕ್ಕನ ಕೈಯಿಂದಲೇ ಕೊಡಿಸತೊಡಗಿದರು. ಅಷ್ಟು ಮರ್ಯಾದೆ ಸಿಕ್ಕ ಮೇಲೆ ಬಾಯಿ ಉರಿಯುತ್ತದೆ ಅಂತ ಹೇಳುವುದಾದರೂ ಹೇಗೆ? ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನಿದ್ದಳು. ಉರಿ ತಡೆಯಲು ಇನ್ನೊಂದು ಹೋಳು ಇಟ್ಟುಕೊಳ್ಳುತ್ತಿದ್ದಳು. ಅಡಿಕೆಯ ಚೊಗರಿಗೆ ಬಾಯಿ ಮರಗಟ್ಟಿದ ಹಾಗಾಗಿ ಒಂದು ಗಳಿಗೆ ಸಮಾಧಾನ ಆಗುತ್ತಿತ್ತಂತೆ.

ನನ್ನ ಪಾರ್ಲರಿಗೆ ಬಂದಾಗ ಗಿರಾಕಿಗಳು ಅವಳನ್ನೇ ನೋಡುತ್ತಿದ್ದರು. ನಿಮ್ಮಕ್ಕನಿಗೆ ಎಂತ ಹಚ್ತೀರಿ ಮಾರಾಯ್ರೆ, ಬಾಯಿ ಸುತ್ತ ಒಂದು ಗೆರೆ ಇಲ್ಲ ಅನ್ನುತ್ತಿದ್ದರು. ಹೌದು, ಗೆರೆ ಇರಲಿಲ್ಲ. ನಗುವಷ್ಟು ಬಾಯಿ ತೆರೆದರೆ ತಾನೇ ಗೆರೆ ಬೀಳುವುದು? ಅದು ನನಗೂ ಗೊತ್ತಾಗಲಿಲ್ಲ. ಹಲ್ಲು ನೋವು ಅಂತ ಅವಳು ಒಂದು ದಿನ ಫೋನ್ ಮಾಡಿದ್ದಕ್ಕೆ ಬಸ್ಸು ಹತ್ತಿ ಹೋದವಳು ನಾನು. ಭಾವನಿಗೆ ಸೊಸೈಟಿ ಮೀಟಿಂಗ್ ಇತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಬಾಯಿ ತೆಗೀರಿ ಅಂದಳು. ಅಕ್ಕ ತೆಗೆದಳು. ಇನ್ನೂ ತೆಗೀರಿ ಅಂದಳು. ಇಷ್ಟೇ ಅಂತ ಅಕ್ಕ ಕೈ ಸನ್ನೆ ಮಾಡಿದಳು. ಆ ಹುಡುಗಿ ಹಲ್ಲಿನ ವಿಷಯ ಬಿಟ್ಟು, ಅಕ್ಕನ ಬಲಗೈ ಹಿಡಿದು ಮೂರು ಬೆರಳು ಒಟ್ಟು ಸೇರಿಸಿ, ನೆಟ್ಟಗೆ ಹಿಡಿದು ಹಲ್ಲುಗಳ ನಡುವೆ ಹಾಕಿ ನೋಡಿ ಅಂದಳು. ಸರಿಯಿದ್ದವರ ಬಾಯಿಗೆ ಮೂರೂ ಹೋಗುತ್ತವೆ. ನಾನು ಪಕ್ಕದಲ್ಲಿ ನಿಂತು ಗುಟ್ಟಾಗಿ ನನ್ನ ಬಾಯಿಗೆ ಹಾಕಿ ನೋಡಿದೆ, ಹೋದವು. ಅಕ್ಕನಿಗೆ ಒಂದು ಹೋಯಿತು. ಎರಡನೆಯದು ಹಲ್ಲಿಗೆ ತಾಗಿ ನಿಂತಿತು.

ಆಮೇಲೆ ಡಾಕ್ಟರು ಕೆನ್ನೆಯ ಒಳಗೆ ಬೆರಳಾಡಿಸಿ, ನನಗೂ ಟಾರ್ಚ್ ಹಿಡಿದು ತೋರಿಸಿದಳು. ಕೆಂಪಗಿರಬೇಕಾದ ಕೆನ್ನೆ ಒಳಗೆಲ್ಲ ಬಿಳುಚಿಕೊಂಡು, ನೆಟ್ಟಗೆ ಹುರಿ ಎಳೆದ ಹಾಗಿತ್ತು. "ಇದು ಕೊಲಾಜನ್" ಅಂದಳು. ನಾನು ಡಬ್ಬಿಯಲ್ಲಿ ಮಾರುವ ಪದ ಇಲ್ಲಿ ಯಾಕೆ ಬಂತು ಅಂತ ಒಂದು ಕ್ಷಣ ತಲೆಗೇ ಹೋಗಲಿಲ್ಲ.

ಅವಳು ಬಿಡಿಸಿ ಹೇಳಿದಳು. ದೇಹ ಕೊಲಾಜನ್ ಹೊಸದಾಗಿ ಮಾಡುತ್ತಾ ಇರುತ್ತದೆ, ಹಳೆಯದನ್ನು ಕರಗಿಸುತ್ತಾ ಇರುತ್ತದೆ. ಅಡಿಕೆಯ ರಸ ಹೊಸದು ಹುಟ್ಟುವುದನ್ನು ಹೆಚ್ಚು ಮಾಡುತ್ತದೆ, ಹಳೆಯದು ಕರಗುವುದನ್ನು ತಡೆಯುತ್ತದೆ. ಅದರ ಚೊಗರಿಗೆ ಹಗ್ಗ ಹದವಾಗಿ ಗಟ್ಟಿಯಾಗುತ್ತದೆ, ತೊಗಲು ಹದ ಮಾಡುವವರು ಮರದ ತೊಗಟೆಯ ನೀರು ಹಾಕುತ್ತಾರಲ್ಲ, ಹಾಗೆ. ಅಕ್ಕ ಎದ್ದು ಕೂತು, "ನಾನು ಹೊಗೆಸೊಪ್ಪು ಕಣ್ಣಲ್ಲೂ ನೋಡಿಲ್ಲ ಡಾಕ್ಟ್ರೆ, ಬರೀ ಅಡಿಕೆ" ಅಂದಳು. "ಬರೀ ಅಡಿಕೆನೇ ಸಾಕು" ಅಂದಳು ಆ ಹುಡುಗಿ. ಆಗ ಅಕ್ಕ ತನ್ನ ಕೈ ನೋಡಿಕೊಂಡಳು. ಸುಲಿದು ಸುಲಿದು ಬೆರಳೆಲ್ಲ ಕಂದಾಗಿತ್ತು. ಎಷ್ಟು ಉಜ್ಜಿದರೂ ಹೋಗುವುದಿಲ್ಲ ಅದು, ನಾನೇ ನಿಂಬೆಹಣ್ಣು ಹಾಕಿ ಉಜ್ಜಿ ಸೋತಿದ್ದೇನೆ.

ವಾಪಸ್ ಬರುತ್ತಾ ಅಂತ ಕೇಳಿದ್ದು ನಾನು. ಕಟ್ಟಿದ್ದು ಪೂರ್ತಿ ಕರಗುವುದಿಲ್ಲ, ಅಡಿಕೆ ಬಿಟ್ಟರೆ ಮುಂದೆ ಹೋಗುವುದು ನಿಧಾನ ಆಗಬಹುದು, ಕೆನ್ನೆಗೆ ಇಂಜೆಕ್ಷನ್ ಕೊಡಬಹುದು, ಕೆಲವರಿಗೆ ಇದೇ ಜಾಗದಲ್ಲಿ ಕ್ಯಾನ್ಸರ್ ಆಗುತ್ತದೆ, ಆದ್ದರಿಂದ ಆಗಾಗ ತೋರಿಸುತ್ತಿರಬೇಕು. ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದಳು. ನನಗೆ ಅವಳ ಮೇಲೆ ಸಿಟ್ಟು ಬಂತು. ಅವಳ ತಪ್ಪು ಏನೂ ಇರಲಿಲ್ಲ. ಆದರೂ ಯಾರ ಮೇಲಾದರೂ ಸಿಟ್ಟು ಬರಬೇಕಿತ್ತಲ್ಲ.

ಬಾಯಿ ಹಿಗ್ಗಿಸಲು ಐಸ್‌ಕ್ರೀಂ ಕಡ್ಡಿಯಂಥ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳಬೇಕು, ಸ್ವಲ್ಪ ಹಿಗ್ಗಿದಂತೆ ಒಂದೊಂದೇ ಕಡ್ಡಿ ಸೇರಿಸಬೇಕು ಅಂತ ಡಾಕ್ಟರು ಹೇಳಿದ್ದಳು. ಅಂಥ ಕಡ್ಡಿ ನನ್ನ ಪಾರ್ಲರಿನಲ್ಲಿ ಡಬ್ಬಗಟ್ಟಲೆ ಇದೆ, ವ್ಯಾಕ್ಸ್ ಬಳಿಯುವುದು ಅದರಲ್ಲೇ. ಒಂದು ಕಟ್ಟು ತೆಗೆದುಕೊಂಡು ಹೋಗಿ ಕೊಟ್ಟೆ. ಅಕ್ಕ ಹಿತ್ತಲ ಕಟ್ಟೆಯ ಮೇಲೆ ಕೂತು ಕಡ್ಡಿ ಕಚ್ಚಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಕೆನ್ನೆ ಹರಿಯುವಷ್ಟು ನೋವು, ಕಣ್ಣಲ್ಲಿ ನೀರು ತಾನಾಗಿ ಇಳಿಯುತ್ತಿತ್ತು. ಶುರುವಿನಲ್ಲಿ ಒಂದು ಕಡ್ಡಿ ಹೆಚ್ಚಾಯಿತು ಅಂತ ಫೋನ್ ಮಾಡಿ ಹೇಳಿದಳು. ನಾನು ಅಂದು ಬಂದ ಗಿರಾಕಿಗೆಲ್ಲ ಟೀ ತರಿಸಿ ಕುಡಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಆ ಕಡ್ಡಿ ಮತ್ತೆ ತೆಗೆಯಬೇಕಾಯಿತು. ಅಡಿಕೆ ಸುಲಿಯುವ ಕಾಲ ಶುರುವಾದಾಗ ಇನ್ನೊಂದು. ಮತ್ತೆ ಅಡಿಕೆ ಹಾಕಿದ್ಯಾ ಅಂತ ಕೇಳಿದೆ. "ಇಲ್ಲ ಕಣೆ" ಅಂದಳು. ಆ 'ಇಲ್ಲ' ಹೇಳುವಾಗ ಅವಳ ದವಡೆಯಲ್ಲಿ ಹೋಳು ಇತ್ತು, ನಾನು ಅಕ್ಕನ ದನಿ ಗುರುತು ಹಿಡಿಯದವಳೇ? ಕೂಗಾಡಿದೆ. ಅವಳು ಎಲ್ಲ ಕೇಳಿಸಿಕೊಂಡು ಮೆಲ್ಲಗೆ, "ಅದರ ರಾಶಿ ಮುಂದೆ ಬೆಳಿಗ್ಗೆಯಿಂದ ಕೂತ್ಕೊಂಡು ನೀನೊಂದ್ಸಲ ಬಿಟ್ಟು ನೋಡೆ" ಅಂದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಮಾನ ಹಾಗಿರಲಿ, ಬಾಯಿ ಹೋದರೆ ಏನು ಕೊಡುವುದು?

ಅಕ್ಕನಿಗೆ ಒಂದೇ ಸಮಾಧಾನ ಇತ್ತು, ಮಗಳು. ಒಬ್ಬಳೇ ಮಗಳು, ಕಾಲೇಜು ಮುಗಿಸಿ ಹೊಸನಗರದಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಆಸ್ಪತ್ರೆಯಿಂದ ಬಸ್ಸಿನಲ್ಲಿ ಬರುವಾಗ ಅಕ್ಕ ಕಿಟಕಿಯ ಹೊರಗೆ ನೋಡುತ್ತಾ ಹೇಳಿದ್ದು ಇದನ್ನೇ. "ಪಾಪುನ ಸುಲಿಯಕ್ಕೆ ಕೂರಿಸ್ಲಿಲ್ಲ ನಾನು. ಒಂದು ಹೋಳು ಬಾಯಿಗೆ ಕೊಟ್ಟಿಲ್ಲ. ಅವಳು ಉಳಿದ್ಲು ಕಣೆ. ನಂದು ಹೋದ್ರೆ ಹೋಗ್ಲಿ." ಆಮೇಲೂ ಪ್ರತಿ ಸಲ ಫೋನ್ ಇಡುವ ಮುಂಚೆ ಈ ಮಾತು ಬರುತ್ತಿತ್ತು. ಅವಳು ಆ ಒಂದು ಮಾತು ಹಿಡಿದುಕೊಂಡೇ ದಿನ ದೂಡುತ್ತಿದ್ದಳು.

ಮಗಳಿಗೆ ಮದುವೆ ಗೊತ್ತಾಯಿತು, ಗಂಡಿನ ಕಡೆಯವರು ನಮ್ಮ ತೀರ್ಥಹಳ್ಳಿಯವರೇ. ನಿಶ್ಚಿತಾರ್ಥದ ವೀಳ್ಯಶಾಸ್ತ್ರಕ್ಕೆ ಮುಂಚೆ ಹುಡುಗಿ ನನ್ನ ಹತ್ತಿರ ಫೇಶಿಯಲ್ಲಿಗೆ ಬರುತ್ತಿದ್ದಳು. ಚಿಕ್ಕಮ್ಮ, ನಂಗೂ ಕೊಲಾಜನ್ ಮಾಸ್ಕ್ ಹಾಕು ಅಂತ ಹಠ. ನಿನ್ನ ವಯಸ್ಸಿಗೆ ಬೇಕಾದಷ್ಟು ಒಳಗೇ ಇದೆ, ಸುಮ್ನಿರೆ ಅಂದರೂ ಕೇಳಲಿಲ್ಲ, ಹಾಕಿದೆ. ಮುಖದ ಮೇಲೆ ಬಿಳಿ ಹಾಳೆ ಅಂಟಿಸಿಕೊಂಡು ಮಲಗಿರುವಾಗಲೂ ಅವಳ ಬಾಯಿ ಆಡುತ್ತಿತ್ತು. ಬ್ಯಾಗಿನಲ್ಲಿ ಸಿಹಿ ಸುಪಾರಿಯ ಪ್ಯಾಕೆಟ್ಟುಗಳು, ಬಣ್ಣಬಣ್ಣದವು. ಏಲಕ್ಕಿ ವಾಸನೆ ಬರುತ್ತಿತ್ತು. ನನ್ನ ಗಿರಾಕಿಗಳಿಗೂ ಒಂದೊಂದು ಕೊಟ್ಟಳು. ಮಕ್ಕಳು ತಿನ್ನುವ ಮಿಠಾಯಿ ಅಂತಲೇ ನಮಗೆಲ್ಲ ಲೆಕ್ಕ. ಅಡಿಕೆ ಅಂದರೆ ನಮಗೆ ರಾಶಿಯಲ್ಲಿ ಇರುವುದು, ಚೀಲದಲ್ಲಿ ಇರುವುದು. ಆ ಪ್ಯಾಕೆಟ್ಟಿನೊಳಗೆ ಸಕ್ಕರೆ ಸವರಿಕೊಂಡು ಕೂತಿದ್ದನ್ನು ಯಾರೂ ಅಡಿಕೆ ಅನ್ನಲಿಲ್ಲ, ಅಕ್ಕನೂ ಅನ್ನಲಿಲ್ಲ.

ವೀಳ್ಯಶಾಸ್ತ್ರ ಅಕ್ಕನ ಮನೆಯಲ್ಲಿ. ಹುಡುಗಿಗೂ ಅಕ್ಕನಿಗೂ ನಾನೇ ಮೇಕಪ್ ಮಾಡಿದೆ. ಅಡುಗೆಯವರು ಊರ ಊಟಕ್ಕೆ ಮಾಡುವ ಹಾಗೆ ಖಾರವಾಗಿ ಸಾರು ಮಾಡಿದ್ದರು. ಅಕ್ಕನಿಗೆ ಅಂತ ನಾನು ಒಳಗಿನ ಒಲೆಯಲ್ಲಿ ಸಣ್ಣ ಪಾತ್ರೆಯಲ್ಲಿ ಹೆಸರುಬೇಳೆ ತೊವ್ವೆ ಬೇಯಿಸಿದೆ. ಉಪ್ಪು, ಅರಿಶಿನ, ಒಂದು ಚಮಚ ತುಪ್ಪ. ಕಾಳುಮೆಣಸನ್ನೂ ತೋರಿಸಲಿಲ್ಲ.

ಶಾಸ್ತ್ರದ ನಡುವೆ ಬೀಗಿತ್ತಿ, ಅಂದರೆ ಗಂಡಿನ ತಾಯಿ, ಬಾಯಿ ಸಿಹಿ ಮಾಡಲು ಒಂದು ಪೇಡೆ ತೆಗೆದು ಅಕ್ಕನ ತುಟಿಗೆ ಇಟ್ಟರು. ತುಟಿ ತೆರೆಯಿತು, ಹಲ್ಲು ತೆರೆಯಲಿಲ್ಲ. ಪೇಡೆ ಹಲ್ಲಿಗೆ ಒತ್ತಿ ಪುಡಿಯಾಗಿ ಸೆರಗಿನ ಮೇಲೆ ಬಿತ್ತು. ಬೀಗಿತ್ತಿಯ ಮುಖ ಸಣ್ಣಗಾಯಿತು. ಸಿಹಿ ಒಲ್ಲೆ ಅಂದರೆ ಸಂಬಂಧ ಒಲ್ಲೆ ಅಂದ ಹಾಗೆ. ನಾನು ಎದ್ದು, "ಅಕ್ಕಂದು ಇವತ್ತು ವ್ರತ, ಸಂಜೆವರೆಗೆ ಎಂತದೂ ಮುಟ್ಟಲ್ಲ" ಅಂದೆ. ಆ ಬೀಗಿತ್ತಿ ಎರಡೂ ಕೈ ಜೋಡಿಸಿ, ಇಂಥ ಮನೆಯ ಹೆಣ್ಣು ಸಿಗೋಕೆ ಪುಣ್ಯ ಬೇಕು ಅಂದರು. ಅಕ್ಕನನ್ನು ಹಾಳು ಮಾಡಿದ ಸುಳ್ಳನ್ನೇ ನಾನು ಇನ್ನೊಂದು ಸಲ ಉಪಯೋಗಿಸಿದ್ದೆ. ಅದೇ ಸುಳ್ಳು ಸಂಬಂಧ ಉಳಿಸಿತು. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಇಬ್ಬರು ತಾಯಂದಿರೂ ವೀಳ್ಯ ಬದಲಾಯಿಸಿಕೊಂಡರು.

ಅವರೆಲ್ಲ ಊಟಕ್ಕೆ ಕೂತಾಗ ಅಕ್ಕನನ್ನು ಅಡುಗೆಮನೆಗೆ ಕರೆದುಕೊಂಡು ಬಂದೆ. ಬಾಗಿಲು ಅರ್ಧ ಮುಂದೆ ಮಾಡಿ, ಅನ್ನಕ್ಕೆ ತೊವ್ವೆ ಹಾಕಿ ಗಂಜಿಯಷ್ಟು ನುಣ್ಣಗೆ ಹಿಸುಕಿಕೊಟ್ಟೆ. ಮಕ್ಕಳಿಗೆ ಔಷಧಿ ಕುಡಿಸುವ ಚಮಚದಲ್ಲಿ ಅವಳು ಸ್ವಲ್ಪ ಸ್ವಲ್ಪವೇ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ನಾನು ಹಚ್ಚಿದ ಲಿಪ್‌ಸ್ಟಿಕ್ ಸ್ವಲ್ಪವೂ ಅಳಿಸಿರಲಿಲ್ಲ. "ಒಪ್ಪಿದ್ರಲ್ಲ" ಅಂದಳು. ಒಪ್ಪಿದರು ಅಂದೆ. "ಇನ್ನು ನಂಗೆ ಎಂತಾದ್ರೂ ಆಗ್ಲಿ ಕಣೆ" ಅಂದಳು.

ಅಷ್ಟರಲ್ಲಿ ಮಗಳು ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು ಒಳಗೆ ಬಂದಳು. "ಚಿಕ್ಕಮ್ಮ, ಹಸಿವು. ಅಲ್ಲಿ ಸಾರು ಬಾಯಿಗಿಡಕ್ಕಾಗಲ್ಲ, ಅಮ್ಮನ ತೊವ್ವೆನೇ ಹಾಕು" ಅಂತ ಮಣೆ ಎಳೆದು ಕೂತಳು. ಹಾಕಿದೆ. ಒಂದು ತುತ್ತು ಇಟ್ಟುಕೊಂಡವಳು ಹಲ್ಲಿನ ಸಂದಿಯಿಂದ ಗಾಳಿ ಎಳೆದು, ಕೈ ಬಾಯಿಯ ಮುಂದೆ ಬೀಸಿಕೊಂಡಳು.

"ಇದೂ ಉರಿ. ಎಷ್ಟು ಖಾರ ಹಾಕಿದೀಯ ಇದಕ್ಕೆ?"

ನಾನು ಅಕ್ಕನನ್ನು ನೋಡಲಿಲ್ಲ. ಅವಳು ಚಮಚ ತಟ್ಟೆಯಲ್ಲಿಟ್ಟ ಸದ್ದು ಕೇಳಿಸಿತು. ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದು, ಮಗಳ ಮುಂದೆ ನೆಲದ ಮೇಲೆ ಕೂತಳು. ಗದ್ದ ಹಿಡಿದು ಮುಖ ಎತ್ತಿದಳು.

"ಬಾಯಿ ತೆಗಿ" ಅಂದಳು.

"ಎಂತಕ್ಕಮ್ಮ, ಲಿಪ್‌ಸ್ಟಿಕ್ ಹೋಗುತ್ತೆ."

"ತೆಗಿ."

ಹುಡುಗಿ ನಗುತ್ತಾ ತೆಗೆದಳು. ಅಕ್ಕ ಅವಳ ಬಲಗೈ ಹಿಡಿದು ಮೂರು ಬೆರಳು ಸೇರಿಸಿದಳು. ಆ ಡಾಕ್ಟರು ತನಗೆ ಮಾಡಿದ ಹಾಗೆಯೇ ನೆಟ್ಟಗೆ ಹಿಡಿದು, ಮೆಲ್ಲಗೆ, ಮಗಳ ಹಲ್ಲುಗಳ ನಡುವೆ ತೂರಿಸಿದಳು. ಎರಡು ಹೋದವು. ಮೂರನೆಯದನ್ನು ಅಕ್ಕ ಇನ್ನೊಂದು ಸಲ ಒತ್ತಿ ನೋಡಿದಳು. ಹುಡುಗಿ ನೋವು ಅಂತ ತಲೆ ಹಿಂದಕ್ಕೆ ಎಳೆದುಕೊಂಡಳು.

ಹೊರಗಿನಿಂದ ಭಾವ ಅಕ್ಕನನ್ನು ಕರೆಯುತ್ತಿದ್ದ. ಬಂದವರಿಗೆಲ್ಲ ಎಲೆ ಅಡಿಕೆ ಕೊಡಬೇಕಿತ್ತು, ಅದು ಹೆಣ್ಣಿನ ತಾಯಿಯೇ ಕೊಡಬೇಕು. ಅಕ್ಕ ಕಂದಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು ಹೋದಳು.